ಹಸಿರು ಖಣದ ಲಾಳಿ

ನಾನೊಂದು ಲಾಳಿ. ಅಂಗೈಯಲ್ಲಿ ಹಿಡಿದರೆ ಎರಡೂ ತುದಿ ಹೊರಗೆ ಇಣುಕುವ, ದೋಣಿಯಂಥ ಒಂದು ಗೇಣು ಕಟ್ಟಿಗೆ. ನನ್ನ ಹೊಟ್ಟೆ ಟೊಳ್ಳು. ಅದರೊಳಗೆ ನೂಲು ಸುತ್ತಿದ ಕಂಡಿಕೆಯನ್ನು ಕೂರಿಸಿಕೊಂಡು ಮಗ್ಗದ ಈ ಕಡೆಯಿಂದ ಆ ಕಡೆಗೆ, ಆ ಕಡೆಯಿಂದ ಈ ಕಡೆಗೆ ಓಡುವುದು ನನ್ನ ಕೆಲಸ. ಒಮ್ಮೆ ಹಾಯ್ದರೆ ಒಂದು ಎಳೆ. ಸಾವಿರ ಸಲ ಹಾಯ್ದರೆ ಒಂದು ಮೊಳ ಬಟ್ಟೆ. ನಲವತ್ತು ವರ್ಷ ಹಾಗೆ ಓಡಿದ್ದೇನೆ. ದಾರಿ ಲೆಕ್ಕ ಹಾಕಿದರೆ ಎಷ್ಟು ದೇಶ ಸುತ್ತಿದಂತಾಗುತ್ತದೋ ಏನೋ, ಆದರೆ ಓಡಿ ಓಡಿ ನಾನು ಕಂಡದ್ದು ಗುಳೇದಗುಡ್ಡದ ಕಡೆಯ ಒಂದು ಸಣ್ಣ ಊರು, ಅದರಲ್ಲಿ ಒಂದು ನೇಕಾರರ ಓಣಿ, ಅದರಲ್ಲಿ ಒಂದು ಮನೆ.

ನನ್ನನ್ನು ಕೆತ್ತಿದವನು ಬಡಿಗೇರ ಕಾಳಪ್ಪ. ಹಳ್ಳದ ದಂಡೆಯ ಕರಿಜಾಲಿಯ ಬೊಡ್ಡೆಯನ್ನು ಎರಡು ಬೇಸಿಗೆ ನೆರಳಲ್ಲಿ ಒಣಗಿಸಿ, ಆಮೇಲೆ ಉಳಿ ಹಿಡಿದು ಕೂತ. ಮಾಡಿಸಿದವನು ನೇಕಾರ ಮಾಗುಂಡಪ್ಪ. ಅವನು ಮುಂಜಾನೆಯಿಂದ ಅಲ್ಲೇ ಕುಕ್ಕರಗಾಲಲ್ಲಿ ಕೂತು, ನನ್ನ ಹೊಟ್ಟೆಯೊಳಗೆ ಹೆಬ್ಬೆರಳು ಆಡಿಸಿ ಆಡಿಸಿ ನೋಡುತ್ತಿದ್ದ.

“ಇಲ್ಲಿ ಇನ್ನೊಂದ್ ಚೂರ ಹೆರಿ ಕಾಳಪ್ಪ. ಎಳಿ ಎಡವತೈತಿ.”

“ಮಗಳಿಗೆ ವರಾ ನೋಡೂವಾಗೂ ನೀ ಇಷ್ಟ ಮುಟ್ಟಿ ಮುಟ್ಟಿ ನೋಡಿರಲಿಕ್ಕಿಲ್ಲ ತಗೊ,” ಎಂದು ಕಾಳಪ್ಪ ನಕ್ಕ. ಆದರೂ ಹೆರೆದ.

ಕಮ್ಮಾರ ಎರಡು ತುದಿಗೂ ಕಬ್ಬಿಣದ ಮೊನೆ ಕೂರಿಸಿದ. ಮಾಗುಂಡಪ್ಪ ನನಗೆ ಎಣ್ಣೆ ಹಚ್ಚಿ, ಬನಶಂಕರಿಯ ಪಟದ ಮುಂದೆ ಇಟ್ಟು, ಮೊದಲ ಸಲ ಹೊಟ್ಟೆಗೆ ನೂಲು ಕೊಟ್ಟ. ಆ ನೂಲು ಹಸಿರು. ಅವನ ಮಗಳು ಆಗ ಬಸುರಿ. ನಮ್ಮ ಕಡೆ ಬಸುರಿಗೆ ಏಳನೆಯ ತಿಂಗಳಲ್ಲಿ ಕುಬಸದ ಕಾರ್ಯ ಮಾಡುತ್ತಾರೆ. ತವರಿನಿಂದ ಹಸಿರು ಸೀರೆ, ಹಸಿರು ಬಳೆ, ಕುಬಸ ಹೊಲಿಸಲು ಹಸಿರು ಖಣ ಹೋಗಬೇಕು. ಎಲ್ಲರೂ ಖಣವನ್ನು ಅಂಗಡಿಯಲ್ಲಿ ಕೊಂಡರೆ, ಈ ಮನೆಯಲ್ಲಿ ಮಾತ್ರ ಹೆತ್ತಪ್ಪನೇ ನೇಯುತ್ತಾನೆ. ಆ ಖಣವನ್ನು ಬೇರೆಯವರ ಕೈಗೆ ಕೊಟ್ಟದ್ದೇ ಇಲ್ಲ.

ನಮ್ಮದು ಕುಣಿಮಗ್ಗ. ನೇಕಾರ ನೆಲದಲ್ಲಿ ತೋಡಿದ ತಗ್ಗಿನೊಳಗೆ ಕಾಲು ಇಳಿಬಿಟ್ಟು ಕೂರುತ್ತಾನೆ. ಬಲಗೈಯಿಂದ ಹಗ್ಗದ ಹಿಡಿಯನ್ನು ಜಗ್ಗಿದರೆ ನಾನು ಹಾರುತ್ತೇನೆ. ಎಡಗೈಯಿಂದ ಹಲಗೆ ಬಡಿದರೆ ಎಳೆ ಕೂರುತ್ತದೆ. ಹಾಗಾಗಿ ನನಗೆ ಮನುಷ್ಯರ ಮುಖಕ್ಕಿಂತ ಕೈ ಹೆಚ್ಚು ಗೊತ್ತು. ಮಾಗುಂಡಪ್ಪನದು ಸಾವಧಾನದ ಕೈ. ಜಗ್ಗಿದ್ದು ಗೊತ್ತೇ ಆಗುತ್ತಿರಲಿಲ್ಲ, ನಾನು ಆಚೆ ದಡ ಸೇರಿರುತ್ತಿದ್ದೆ. ಅವನು ತೀರಿಹೋದ ವರ್ಷ ನಾನು ಅವನ ಮಗ ಬನಪ್ಪನ ಕೈಗೆ ಬಂದೆ. ಇವನ ಕೈ ಚುರುಕು, ಹುಮ್ಮಸ್ಸಿನದು. ಮೊದಮೊದಲು ನನ್ನನ್ನು ಗೋಡೆಗೇ ಹಾರಿಸುತ್ತಿದ್ದ. ಒಂದೆರಡು ವರ್ಷದಲ್ಲಿ ಕೈ ಕುದುರಿತು. ಸೂಜಿಮಲ್ಲಿಗೆ ಹೂವಿನ ಚಿತ್ತಾರದ ಖಣ ಎಂದರೆ ಬನಪ್ಪನದೇ ಎನ್ನುವಂತಾಯಿತು.

ನಿಂಬೆವ್ವ ಈ ಮನೆಗೆ ಸೊಸೆಯಾಗಿ ಬಂದದ್ದು ಆಗಲೇ. ಅವಳೂ ನೇಕಾರರ ಮನೆಯ ಮಗಳು. ಮಗ್ಗದ ಪಕ್ಕದಲ್ಲಿ ರಾಟಿ ಹಾಕಿಕೊಂಡು ಕಂಡಿಕೆ ಸುತ್ತಿ ಸುತ್ತಿ ಕೊಡುವಳು. ಅವಳು ಸುತ್ತಿದ ನೂಲು ನನ್ನ ಹೊಟ್ಟೆಯಿಂದ ನೀರಿನಂತೆ ಬಿಚ್ಚಿಕೊಳ್ಳುತ್ತಿತ್ತು. ರಾಟಿಯ ಗುಂಯ್ ಸದ್ದು, ಮಗ್ಗದ ಲಟಕ್ ಲಟಕ್, ನಡುವೆ ಇವರಿಬ್ಬರ ಮಾತು. ಆ ದಿನಗಳನ್ನು ನೆನೆದರೆ ಈಗಲೂ ನನ್ನ ಮೈಗೆ ಎಣ್ಣೆ ಸವರಿದಂತಾಗುತ್ತದೆ. ಮಗಳು ಕಸ್ತೂರಿ ಹುಟ್ಟಿ, ಅದೇ ಮಗ್ಗದ ಗೂಟಕ್ಕೆ ಕಟ್ಟಿದ ಜೋಳಿಗೆಯಲ್ಲಿ ಮಲಗಿ ಬೆಳೆದಳು.

ಕುಡಿತ ಆ ಮನೆಗೆ ಕಳ್ಳನಂತೆ ಬರಲಿಲ್ಲ, ಔಷಧಿಯಂತೆ ಬಂತು. ಇಡೀ ದಿನ ತಗ್ಗಿನಲ್ಲಿ ಕಾಲಿಟ್ಟು ಕೂತವನಿಗೆ ಸೊಂಟ ಹಿಡಿಯುತ್ತದೆ. ಸಂತೆಯ ದಿನ ಗೆಳೆಯರ ಜೊತೆ ಒಂದು ಗ್ಲಾಸು ಹಾಕಿದ; ಸೊಂಟ ಸಡಿಲಾಯಿತು. ಸಂತೆಯ ದಿನದ್ದು ದಿನಾ ಸಂಜೆಯದಾಯಿತು. ಹೀಗೇ ಹತ್ತು ವರ್ಷ ದಾಟಿತು. ಆಮೇಲೊಂದು ಮುಂಜಾನೆ ಅವನು ಹಿಡಿ ಜಗ್ಗಿದಾಗ ನಾನು ಆಚೆ ದಡ ಸೇರಲಿಲ್ಲ. ನಟ್ಟನಡುವೆ ನಿಂತೆ. ಅವನಿಗೆ ಅದು ಗೊತ್ತಾಗದೆ ಹಲಗೆ ಬಡಿದ. ನನ್ನ ಮೊನೆಗೆ ಸಿಕ್ಕಿ ಒಂದು ಹಿಡಿ ಎಳೆ ತಟತಟನೆ ಹರಿದವು. ನೇಯುವುದಕ್ಕೆಂದೇ ಹುಟ್ಟಿದ ನಾನು ಅಂದು ಬಟ್ಟೆ ಹರಿದೆ.

ಬನಪ್ಪ ತನ್ನ ಬಲಗೈಯನ್ನು ನೋಡಿಕೊಂಡ. ಅದು ಎಲೆಯಂತೆ ನಡುಗುತ್ತಿತ್ತು. ಎದ್ದು ಹಿತ್ತಲಿಗೆ ಹೋಗಿ, ಬಾಯಿ ಒರೆಸಿಕೊಳ್ಳುತ್ತ ಬಂದ. ಕೂತು ಜಗ್ಗಿದ. ಕೈ ನಿಂತಿತ್ತು.

“ನೋಡಿದೇನ?” ಎಂದ ನಿಂಬೆವ್ವನಿಗೆ. “ಇದು ಚಟ ಅಲ್ಲ. ಇದಿಲ್ಲಂದ್ರ ಕೈನ ನಿಲ್ಲಂಗಿಲ್ಲ. ಔಷಧ ಇದು.”

ನಡುಗಿಸುವುದೂ ಅದೇ, ನಿಲ್ಲಿಸುವುದೂ ಅದೇ ಎಂದು ಹೇಳಲು ನನಗೆ ಬಾಯಿಯಿಲ್ಲ. ಬಾಯಿಯಿದ್ದ ನಿಂಬೆವ್ವ ಏನೂ ಹೇಳಲಿಲ್ಲ. ಅಂದು ಸಂಜೆ, ಅವನು ಹೊರಗೆ ಹೋದ ಮೇಲೆ, ಮಗ್ಗದ ಮುಂದೆ ಬಗ್ಗಿ ಕೂತು ಹರಿದ ಎಳೆಗಳನ್ನು ಒಂದೊಂದಾಗಿ ಹುಡುಕಿ ಗಂಟು ಹಾಕಿದಳು. ಅವಳ ತವರಿನವರ ಗಂಟು ಸಾಸಿವೆಗಿಂತ ಸಣ್ಣದು. ಬಟ್ಟೆಯ ಮೇಲೆ ಅಂಗೈ ಆಡಿಸಿದರೂ ತಿಳಿಯದು. ತಪ್ಪಿದ ಎಳೆಯನ್ನು ಸೂಜಿಯಿಂದ ತುಂಬಿದಳು. ಮರುದಿನವೂ ಹಾಗೇ. ಅದರ ಮರುದಿನವೂ. ಮುಗಿದ ಭಾಗ ಮಗ್ಗದ ದಿಂಡಿಗೆ ಸುತ್ತಿಕೊಂಡು ಹೋಗುತ್ತಿದ್ದರಿಂದ ಬನಪ್ಪ ಅದನ್ನು ತಿರುಗಿ ನೋಡುತ್ತಲೂ ಇರಲಿಲ್ಲ. ಯಾರಾದರೂ ಬಂದು “ಮಗ್ಗದ ಸಪ್ಪಳ ಇಲ್ಲಲ್ಲವ್ವ?” ಎಂದರೆ ಅವಳು “ಅವರಿಗೆ ಚಳಿಜ್ವರ” ಎನ್ನುವಳು. ಬೇಸಿಗೆಯಲ್ಲೂ ಚಳಿಜ್ವರ, ಮಳೆಗಾಲದಲ್ಲೂ ಚಳಿಜ್ವರ.

ಮೂರು ವರ್ಷ ನಡೆಯಿತು ಇದು. ಕಸ್ತೂರಿಯ ಮದುವೆಯಾಯಿತು. ಬಸುರಿಯಾದಳು. ಕುಬಸದ ದಿನ ಗೊತ್ತಾಯಿತು. ಬನಪ್ಪ ಮಗ್ಗಕ್ಕೆ ಹಸಿರು ಉದ್ದೆಳೆಗಳ ಹಾಸು ಹೂಡಿದ.

ನೇಯಲು ಶುರು ಮಾಡಿದ ದಿನ ಅಡ್ಡೆಳೆಗೆ ಇನ್ನಷ್ಟು ಹಸಿರು ನೂಲು ತಂದುಕೊಟ್ಟವನು ಬಣ್ಣದ ರಾಜೇಸಾಬ. ಓಣಿಯ ನೂಲಿಗೆಲ್ಲ ಬಣ್ಣ ಕಟ್ಟುವವನು ಅವನೇ. ಉಗುರಿನ ಬುಡದವರೆಗೂ ಬಣ್ಣ. ಹನ್ನೊಂದು ವರ್ಷದ ಹಿಂದೆ ಊರಿಗೇ ದೊಡ್ಡ ಕುಡುಕನಾಗಿದ್ದವನು, ಈಗ ಚಹಾಕ್ಕೆ ಸಕ್ಕರೆ ಸಾಲದು ಎಂದು ಜಗಳವಾಡುವವನು. ನೂಲು ಇಳಿಸಿ, ಮಾರಾಟಕ್ಕೆ ಮಡಿಸಿಟ್ಟಿದ್ದ ಹೋದ ತಿಂಗಳ ಒಂದು ಖಣವನ್ನು ಎತ್ತಿ ಬೆಳಕಿಂಡಿಗೆ ಹಿಡಿದ. ಬಹಳ ಹೊತ್ತು ಹಿಡಿದ.

“ತಂಗಿ, ಇದು ಬನಪ್ಪನ ಕೈ ಅಲ್ಲ.”

ನಿಂಬೆವ್ವನ ಮುಖ ಕೆಂಪಾಯಿತು. “ಮತ್ಯಾರ ಬರ್ತಾರ ಸಾಬಣ್ಣ ನಮ್ಮ ಮನಿಗೆ ನೇಯಾಕ? ನಿಮ್ಮ ಕಣ್ಣಿಗೆ ಪೊರಿ ಬಂದಿರಬೇಕು.”

“ಪೊರಿ ಬಂದದ್ದು ಖರೇನ. ಆದ್ರ ಬೆಳಕಿಗೆ ಹಿಡದ್ರ ಗಂಟು ನಕ್ಷತ್ರದಂಗ ಕಾಣ್ತಾವ ನೋಡು.” ಖಣವನ್ನು ಮಡಿಸಿಟ್ಟ. “ಸಿಟ್ಟಾಗಬ್ಯಾಡ. ನಾ ಕುಡದು ಬಣ್ಣದ ಬಾನಿ ಕೆಡಿಸಿದಾಗೆಲ್ಲ ನಮ್ಮಾಕಿ ಹಳ್ಳಕ್ಕ ಹೋಗಿ ನೂಲು ತೊಳದು ತೊಳದು ತರ್ತಿದ್ಲು. ಕೆಟ್ಟದ್ದು ನನ್ನ ಕಣ್ಣಿಗೆ ಬೀಳತಿರಲಿಲ್ಲ. ಒಂದಿನ ತೊಳಿಯೂದು ಬಿಟ್ಲು. ಅವತ್ತ ನನಗ ಕಂಡ್ತು. ದವಾಖಾನಿಗೆ ಹ್ವಾದೆ. ಈಗ ಸಕ್ಕರಿಗೆ ಬೈಸ್ಕೊಳ್ತೀನಿ ಅಷ್ಟ.”

ಅವನು ಹೋದ ಮೇಲೆ ನಿಂಬೆವ್ವ ತನ್ನ ಬೆರಳ ತುದಿಗಳನ್ನು ನೋಡುತ್ತ ಕೂತಳು. ಗಂಟು ಬಿಗಿದು ಬಿಗಿದು ಅವು ಸೀಳು ಬಿಟ್ಟಿದ್ದವು. ಅಂದು ಸಂಜೆ ಮಗ್ಗದ ಮುಂದೆ ಬಂದು ಕೂತಳು, ಎಳೆ ಹಿಡಿದಳು, ಬಿಟ್ಟಳು. ಹರಿದ ಹಸಿರು ಎಳೆಗಳನ್ನು ಹಾಗೆಯೇ ಬಿಟ್ಟು ಎದ್ದು ಹೋದಳು. ಗಂಡನನ್ನೇ ಕೈಬಿಟ್ಟೆನೆಂಬಂತೆ ಹೊಸಿಲಲ್ಲಿ ಒಮ್ಮೆ ತಿರುಗಿ ನೋಡಿದಳು. ನಾಲ್ಕು ಸಂಜೆ ಹೀಗೇ ಆಯಿತು. ಐದನೆಯ ದಿನ ಬನಪ್ಪ, ಎಷ್ಟು ಮೊಳ ಆಯಿತೆಂದು ನೋಡಲು, ದಿಂಡು ಬಿಚ್ಚಿ ಬಟ್ಟೆ ಹರಡಿದ.

ಮಗಳ ಖಣದಲ್ಲಿ ನಾಲ್ಕು ದಿನದ ತೂತುಗಳಿದ್ದವು. ಸೂಜಿಮಲ್ಲಿಗೆಗಳು ವಕ್ರವಾಗಿ, ಕೆಲವು ಅರ್ಧಕ್ಕೇ ಮುರಿದು ಬಿದ್ದಿದ್ದವು.

“ಇದನ್ನ ಯಾರ ನೇಯ್ದಾರ?”

“ಮಗ್ಗದ ಮ್ಯಾಲ ನಿಮ್ಮನ್ನ ಬಿಟ್ಟು ಯಾರ ಕುಂತಿದ್ರು?” ಎಂದಳು ನಿಂಬೆವ್ವ ರಾಟಿಯಿಂದ ತಲೆಯೆತ್ತದೆ.

“ಹ್ವಾದ ತಿಂಗಳ ಖಣ ಛಲೋ ಇದ್ವಲ್ಲ!”

ಅವಳು ಎದ್ದು ಬಂದು ತನ್ನ ಹತ್ತೂ ಬೆರಳುಗಳನ್ನು ಅವನ ಮುಂದೆ ಚಾಚಿದಳು. “ಅವು ನಿಮ್ಮ ಕೈವಲ್ಲ. ಇವು ಮಾಡಿದ್ದು. ಮೂರು ವರ್ಷ ಆತು.”

ಬನಪ್ಪ ಆ ಬೆರಳುಗಳನ್ನು ನೋಡಿದ. ಬಟ್ಟೆಯನ್ನು ನೋಡಿದ. ಕುಣಿಯ ಅಂಚಿನಲ್ಲಿ ಕುಸಿದು ಕೂತ. ಆಮೇಲೆ ನನ್ನನ್ನು ಕೈಗೆತ್ತಿಕೊಂಡ. “ಅಪ್ಪನ ಲಾಳಿ ಮುಟ್ಟಿ ಹೇಳ್ತೀನಿ ನಿಂಬೆವ್ವಾ. ಇನ್ನ ಅದನ್ನ ತುಟಿಗೆ ಹಚ್ಚಂಗಿಲ್ಲ.”

ನೇಕಾರರ ಓಣಿಯಲ್ಲಿ ಲಾಳಿ ಮುಟ್ಟಿದ ಆಣೆಗಿಂತ ದೊಡ್ಡದಿಲ್ಲ. ನಿಂಬೆವ್ವ ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು. ಎಲ್ಲ ಮುಗಿಯಿತು ಅಂದುಕೊಂಡಳು. ಆಣೆ ಸಾಕು, ದವಾಖಾನೆ ಏತಕ್ಕೆ ಎಂದುಕೊಂಡದ್ದೇ ಅವರಿಬ್ಬರ ತಪ್ಪು. ಹದಿನಾಲ್ಕು ವರ್ಷ ಮೈಯಲ್ಲಿ ಬೇರು ಬಿಟ್ಟದ್ದನ್ನು ಒಂದು ಕಟ್ಟಿಗೆಯ ತುಂಡು ಹಿಡಿದು ನಿಲ್ಲಿಸುತ್ತದೆಂದು ನಂಬಿದರು. ಆ ಭಾರ ನನ್ನ ಮೇಲೆ ಬಂತು.

ಮೊದಲನೆಯ ದಿನ ಅವನಿಗೆ ಬೆವರು. ಎರಡನೆಯ ದಿನ ನಿದ್ದೆಯಿಲ್ಲ, ಅನ್ನ ಸೇರದು. ಮೂರನೆಯ ದಿನ ಮಧ್ಯಾಹ್ನ ಮಗ್ಗದ ಮುಂದೆ ಕೂತವನು, “ಇರುವಿ, ನಿಂಬೆವ್ವ, ಹಾಸಿನ ಮ್ಯಾಲ ಇರುವಿ!” ಎಂದು ಹಸಿರು ಎಳೆಗಳ ಮೇಲಿಂದ ಇಲ್ಲದ ಇರುವೆಗಳನ್ನು ಕೊಡಹತೊಡಗಿದ. ಆಮೇಲೆ ಕಣ್ಣು ಮೇಲಾಗಿ, ಹಲ್ಲು ಕಚ್ಚಿ, ಕುಣಿಯೊಳಗೆ ಉರುಳಿದ. ಮೈ ಬಡಿದುಕೊಳ್ಳುತ್ತಿತ್ತು. ಆಣೆ ಉಳಿದಿತ್ತು, ಮನುಷ್ಯ ಉಳಿಯುವಂತಿರಲಿಲ್ಲ.

ನಿಂಬೆವ್ವನ ಕೂಗು ಕೇಳಿ ರಾಜೇಸಾಬ ಬಣ್ಣದ ಕೈಯಲ್ಲೇ ಓಡಿಬಂದ. “ಒಮ್ಮೆಲೆ ಬಿಡಿಸಿದೇನ ತಂಗಿ? ನನಗೊಂದು ಮಾತ ಹೇಳಬಾರದಾ!” ಎಂದು ತಲೆ ಚಚ್ಚಿಕೊಂಡು ಆಟೋ ಕರೆಸಿದ. ಬನಪ್ಪನನ್ನು ಎತ್ತುವ ಗಡಿಬಿಡಿಯಲ್ಲಿ ನಿಂಬೆವ್ವ ನೆಲದಲ್ಲಿ ಬಿದ್ದಿದ್ದ ನನ್ನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹೀಗೆ ನಾನು ಮೊದಲ ಸಲ ಊರು ಬಿಟ್ಟು ತಾಲೂಕಿನ ದವಾಖಾನೆ ಕಂಡೆ.

ಡಾಕ್ಟರಮ್ಮ ಇಂಜೆಕ್ಷನ್ ಕೊಟ್ಟು, ಅವನ ಮೈ ಶಾಂತವಾದ ಮೇಲೆ, ಬೆಂಚಿನ ಬಳಿ ಬಂದು ಕೇಳಿದರು. “ಎಷ್ಟು ದಿನದಿಂದ ಕುಡೀತಾರಮ್ಮ?”

“ಹಬ್ಬ ಹುಣ್ಣಿವಿಗೆ ಅಷ್ಟ್ರಿ...” ಮೂರು ವರ್ಷದ ರೂಢಿಯ ಬಾಯಿ ತಾನೇ ಹೇಳಿಬಿಟ್ಟಿತು. ಅವಳ ಕೈ ಸೊಂಟದಲ್ಲಿದ್ದ ನನ್ನನ್ನು ಬಿಗಿಯಾಗಿ ಹಿಡಿಯಿತು. “ಅಲ್ಲರೀ. ಸುಳ್ಳು ಹೇಳಿದೆ. ಹದಿನಾಲ್ಕು ವರ್ಷ ಆತ್ರಿ. ಈಗ ಮೂರು ವರ್ಷದಿಂದ ಎದ್ದ ಕೂಡಲೇ ಬೇಕು. ನಾನ ಮುಚ್ಚಿಟ್ಟಿದ್ನಿರಿ.”

“ಈಗ ಹೇಳಿದ್ರಲ್ಲ, ಒಳ್ಳೇದಾಯ್ತು,” ಎಂದರು ಡಾಕ್ಟರಮ್ಮ. “ಇದು ಆಣೆ ಮಾಡಿ ಬಿಡಿಸೋ ತಪ್ಪಲ್ಲಮ್ಮ, ಔಷಧ ಕೊಟ್ಟು ವಾಸಿ ಮಾಡೋ ರೋಗ. ಇಷ್ಟು ವರ್ಷ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಬರುತ್ತೆ. ನಾವು ನೋಡ್ಕೊಂಡು ನಿಧಾನ ಬಿಡಿಸ್ತೀವಿ. ಆಮೇಲೂ ಬಂದು ಹೋಗ್ತಾ ಇರಬೇಕು. ಅವರೂ ಮಾತಾಡಬೇಕು, ನೀವೂ ಮಾತಾಡಬೇಕು.”

“ನಾ ಯಾಕ್ರಿ? ನಾ ಕುಡಿಯಂಗಿಲ್ಲಲ್ಲ.”

“ನಿಮ್ಮ ಬೆರಳು ನೋಡಿದೆ,” ಎಂದರು ಅವರು, ಅಷ್ಟೇ.

ಕುಬಸದ ದಿನ ಬನಪ್ಪ ಇನ್ನೂ ದವಾಖಾನೆಯ ಹಾಸಿಗೆಯ ಮೇಲಿದ್ದ. ಅವನ ಪಕ್ಕದಲ್ಲಿ ರಾಜೇಸಾಬನನ್ನು ಕೂರಿಸಿ, ನಿಂಬೆವ್ವ ಅಂಗಡಿಯ ಖಣ ಹಿಡಿದು ಮಗಳ ಮನೆಗೆ ಹೋದಳು. ಬೀಗತಿ, ಕಸ್ತೂರಿಯ ಅತ್ತೆ, ಮೊರದೊಳಗಿನ ಖಣ ತಿರುವಿ ನೋಡಿ, ಬಂದ ಹೆಂಗಸರಿಗೆಲ್ಲ ಕೇಳುವಂತೆ ಅಂದಳು: “ನೇಕಾರರ ಮನಿ ಬೀಗತಿ ಅಂಗಡಿ ಖಣ ತಂದಾಳ ನೋಡ್ರವ್ವ! ನಮ್ಮ ಬೀಗರಿಗೆ ಮತ್ತ ಚಳಿಜ್ವರ ಬಂತೇನ?”

ಕಸ್ತೂರಿ ಹಸಿರು ಬಳೆಯ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು ತಾಯಿಯನ್ನೇ ನೋಡುತ್ತಿದ್ದಳು. ನಿಂಬೆವ್ವ ಅಂದೂ ಸೊಂಟದಲ್ಲಿದ್ದ ನನ್ನನ್ನು ಒಮ್ಮೆ ಮುಟ್ಟಿಕೊಂಡಳು.

“ಜ್ವರ ಅಲ್ಲ,” ಎಂದಳು. “ಅವರು ದವಾಖಾನ್ಯಾಗ ಅದಾರ. ಕುಡಿತ ಬಿಡಾಕ. ಖಣ ಇನ್ನೂ ಮಗ್ಗದ ಮ್ಯಾಲ ಐತಿ ಮಗಳ. ಅದು ಬರೂತನಕ ಇದನ್ನ ಇಟ್ಕೊ.” ಸೊಂಟದಿಂದ ನನ್ನನ್ನು ತೆಗೆದು, ಅಕ್ಕಿ ಕೊಬ್ಬರಿಯ ಜೊತೆ ಮಗಳ ಉಡಿಯಲ್ಲಿಟ್ಟಳು.

ಮನೆ ತುಂಬ ಜನ. ಎಲ್ಲರ ಕಣ್ಣು ಉಡಿಯಲ್ಲಿದ್ದ ನನ್ನ ಮೇಲೆ. ಆಮೇಲೆ ಆ ಬೀಗತಿಯೇ ಬಂದು ನಿಂಬೆವ್ವನ ಪಕ್ಕ ಕೂತಳು. ಅವಳ ದನಿ ಇಳಿದಿತ್ತು. “ನನ್ನ ತಮ್ಮನೂ ಹಿಂಗ ಆಗಿದ್ದ. ಅದಕ್ಕ ದವಾಖಾನಿ ಐತಿ ಅಂತ ನಮಗ್ಯಾರೂ ಹೇಳಲಿಲ್ಲವ್ವ. ಮಣ್ಣ ಮಾಡಿ ಬಂದ್ವಿ.” ಅಂದು ಆಕೆಯೇ ನಿಂಬೆವ್ವನಿಗೆ ಹೋಳಿಗೆಯ ಮೇಲೆ ತುಪ್ಪ ಬಡಿಸಿದಳು.

ಹದಿನೈದು ದಿನದ ಮೇಲೆ ಬನಪ್ಪ ಮನೆಗೆ ಬಂದ. ಸೊರಗಿದ್ದ, ಆದರೆ ಕಣ್ಣು ತಿಳಿಯಾಗಿತ್ತು. ಅಷ್ಟರಲ್ಲಿ, ಅಪ್ಪ ಖಣ ಮುಗಿಸಲೆಂದು ಕಸ್ತೂರಿಯೇ ಕಳಿಸಿಕೊಟ್ಟು, ನಾನೂ ಮಗಳ ಮನೆಯಿಂದ ಬಂದಿದ್ದೆ. ಅವನು ದಿನಕ್ಕೆ ಹತ್ತು ಎಳೆ ನೇಯ್ದ, ಆಮೇಲೆ ಇಪ್ಪತ್ತು ಎಳೆ. ಕೈ ನಡುಗಿದರೆ ನಿಲ್ಲಿಸಿ, ಎಳೆ ಹರಿದರೆ ತಾನೇ ಬಗ್ಗಿ ಗಂಟು ಹಾಕುತ್ತಿದ್ದ. ಅವನ ಗಂಟು ಜೋಳದ ಕಾಳಿನಷ್ಟು ದಪ್ಪ. ನಿಂಬೆವ್ವ ನೋಡಿ ನಗುವಳು, ಕೈ ಹಾಕುತ್ತಿರಲಿಲ್ಲ.

ಕಸ್ತೂರಿ ಹೆಣ್ಣು ಹಡೆದ ಸುದ್ದಿ ಬಂದ ದಿನ ಓಣಿಯ ಗೆಳೆಯರು ಅವನನ್ನು ಹೊತ್ತುಕೊಂಡೇ ಹೋದರು. “ಅಜ್ಜ ಆದ್ಯಲ್ಲೋ! ಒಂದ ಗುಟುಕು. ಇವತ್ತಷ್ಟ.” ಮರುದಿನ ಮುಂಜಾನೆ ಅವನು ಮಗ್ಗದ ಹತ್ತಿರ ಬರಲಿಲ್ಲ. ಬಾಗಿಲಲ್ಲೇ ನಿಂತು, “ನಿಂಬೆವ್ವ, ನಿನ್ನೆ ಕುಡದೆ,” ಎಂದ. ಅವಳು ಕೇಳುವ ಮೊದಲೇ ಹೇಳಿದ. “ಇನ್ನ ನಾ ಆ ಲಾಳಿ ಮುಟ್ಟಂಗಿಲ್ಲ. ಆಣಿ ಮುರದೀನಿ. ಮುಗೀತು.”

ಅವನು ನನ್ನನ್ನು ನೋಡುತ್ತಿದ್ದ ನೋಟವಿತ್ತಲ್ಲ, ಅದು ತಪ್ಪು ಮಾಡಿದ ಮಗ ತಂದೆಯನ್ನು ನೋಡುವ ನೋಟ. ಆ ನಾಚಿಕೆಯಲ್ಲೇ ಅವನು ಮತ್ತೆ ಅಂಗಡಿಯ ದಾರಿ ಹಿಡಿಯುತ್ತಾನೆ ಎಂದು ನಾನು ನಡುಗಿದೆ.

ನಿಂಬೆವ್ವ ನನ್ನನ್ನು ಎತ್ತಿ ತಂದು ಅವನ ಕೈಗೆ ತುರುಕಿದಳು. “ಈ ಕಟಗಿ ನಿಮ್ಮನ್ನ ಆಣಿ ಕೇಳಿತ್ತೇನ? ಇದು ನೂಲು ಕೇಳತೈತಿ, ಅಷ್ಟ. ಎಳಿ ಹರದ್ರ ಹಾಸು ಸುಡ್ತಾರೇನ? ಗಂಟು ಹಾಕ್ತಾರ.”

ಅವನು ನನ್ನನ್ನು ಹಿಡಿದುಕೊಂಡ. ಹೆಬ್ಬೆರಳು ನನ್ನ ಹೊಟ್ಟೆಯೊಳಗೆ, ಅವನ ಅಪ್ಪನಂತೆಯೇ, ಮೆಲ್ಲಗೆ ಆಡಿತು. “ಎಂಟರ ಬಸ್ಸಿಗೆ ಹೋಗ್ತೀನಿ,” ಎಂದ. “ಡಾಕ್ಟರಮ್ಮಗ ನಾನ ಹೇಳ್ತೀನಿ. ನೀ ಬರಬ್ಯಾಡ.”

ಬಸ್ ನಿಲ್ಲುವಲ್ಲೇ ಸೆರೆಯಂಗಡಿ, ಹೆಂಡ ಮಾರುವ ಜಾಗ. ಅದು ನಿಂಬೆವ್ವನಿಗೂ ಗೊತ್ತು, ಅವನಿಗೂ ಗೊತ್ತು. ಅಂದು ಅವಳು ರಾಟಿಯ ಮುಂದೆ ಕೂತು ಸುತ್ತಿದ ಕಂಡಿಕೆಗಳೆಲ್ಲ ಸಡಿಲು. ನಾಲ್ಕು ಗಂಟೆಗೆ ಬಾಗಿಲಲ್ಲಿ ಚಪ್ಪಲಿಯ ಸದ್ದಾಯಿತು. ಬನಪ್ಪ ಒಳಗೆ ಬಂದು, ಅಂಗಿಯ ಕಿಸೆಯಿಂದ ಕಾಗದದಲ್ಲಿ ಕಟ್ಟಿದ ಗುಳಿಗೆಗಳನ್ನೂ ಮುಂದಿನ ವಾರ ಬರಬೇಕೆಂದು ಬರೆದ ಚೀಟಿಯನ್ನೂ ತೆಗೆದು ಅವಳ ಮುಂದಿಟ್ಟ. “ಬೈಲಿಲ್ಲ ಅವರು,” ಎಂದ ಆಶ್ಚರ್ಯದಿಂದ. “ಬಂದದ್ದು ಛಲೋ ಆತು ಅಂದ್ರು.” ನಿಂಬೆವ್ವ ಎದ್ದು ಚಹಾಕ್ಕಿಟ್ಟಳು. ಅವನು ಮಗ್ಗಕ್ಕೆ ಕೂತ.

ಹಸಿರು ಖಣ ಮುಗಿದಾಗ ಮಗುವಿಗೆ ಮೂರು ತಿಂಗಳು. ಬನಪ್ಪ ಕೆಟ್ಟ ಭಾಗವನ್ನು ಕತ್ತರಿಸಲು ಹೋದ. ಕಸ್ತೂರಿ ಕತ್ತರಿ ಕಸಿದುಕೊಂಡಳು. “ಇರಲಿ ಅಪ್ಪ. ಇದೂ ನಿನ್ನ ಕೈನ.” ತೂತಿರುವ ಕಡೆ ಒಳಗೆ ಮೆತ್ತನೆಯ ಅಸ್ತರಿ ಕೊಟ್ಟು, ಇಡೀ ಖಣವನ್ನು ಕೂಸಿಗೆ ತಲೆ ಬೆನ್ನು ಮುಚ್ಚುವ ಕುಂಚಿಗೆ ಹೊಲಿದಳು. ಹಣೆಯ ಮೇಲೆ ಅರ್ಧ ಮುರಿದ ಸೂಜಿಮಲ್ಲಿಗೆ, ಬೆನ್ನಿನ ಮೇಲೆ ತುಂಬು ಹೂಗಳು. ಅದನ್ನು ತೊಟ್ಟ ಕೂಸು ಅಜ್ಜನ ಮೀಸೆ ಹಿಡಿದು ಜಗ್ಗಿತು. ಜಗ್ಗುವ ಕೈ ಬಲವಾಗಿತ್ತು. ನೇಕಾರರ ಮೊಮ್ಮಗಳು.

ಈಗ ಇದೆಲ್ಲ ಆಗಿ ಆರು ವರ್ಷ. ನನ್ನ ಹೊಟ್ಟೆಯಲ್ಲಿ ಬಿರುಕು ಬಿಟ್ಟು, ಎಳೆ ಸಿಕ್ಕಿಕೊಳ್ಳತೊಡಗಿದ ಮೇಲೆ ಬನಪ್ಪ ಹೊಸ ಲಾಳಿ ತಂದ. ನನ್ನನ್ನು ಎಣ್ಣೆ ಹಚ್ಚಿ ಗೋಡೆಯ ಗೂಡಿನಂಥ ಮಾಡದಲ್ಲಿ, ದೀಪದ ಪಕ್ಕ ಇಟ್ಟ. ಅಲ್ಲಿಂದ ಮಗ್ಗ ಕಾಣುತ್ತದೆ. ಸದ್ದು ಕೇಳಿದರೇ ಸಾಕು, ಕೈ ಹೇಗಿದೆ ಎಂದು ತಿಳಿಯುತ್ತದೆ. ಅವನ ಕೈ ಮೊದಲಿನಷ್ಟು ಚುರುಕಿಲ್ಲ. ಮಾಗುಂಡಪ್ಪನ ಸಾವಧಾನ ಬಂದಿದೆ.

ಮೊನ್ನೆ ಬೆಳ್ಳಂಬೆಳಿಗ್ಗೆ ಓಣಿಯ ಈರಸಂಗಪ್ಪ ಬಂದ. ಅಂದು ಮೊಮ್ಮಗಳು ಹುಟ್ಟಿದ ಸಂಭ್ರಮಕ್ಕೆ ಬನಪ್ಪನನ್ನು ಹೊತ್ತುಕೊಂಡು ಹೋಗಿದ್ದ ಗೆಳೆಯರಲ್ಲೊಬ್ಬ. ಕಣ್ಣು ಹಳದಿಯಾಗಿತ್ತು. ನೇರ ಒಳಗೆ ಬಂದು ಮಾಡದ ಮುಂದೆ ನಿಂತ. “ನೀ ಇದನ್ನ ಮುಟ್ಟಿ ಕುಡಿಯೂದು ಬಿಟ್ಟೆ ಅಂತಲ್ಲ. ನಾನೂ ಮುಟ್ಟತೀನಿ,” ಎಂದು ನನ್ನ ಕಡೆ ಕೈ ಚಾಚಿದ.

ಬನಪ್ಪ ಮಗ್ಗದಿಂದ ಎದ್ದು ಬಂದು ಆ ನಡುಗುವ ಮಣಿಕಟ್ಟನ್ನು ಹಿಡಿದ. ಕೆಳಗಿಳಿಸಲಿಲ್ಲ, ಎಳೆಯಲಿಲ್ಲ, ಹಿಡಿದುಕೊಂಡ ಅಷ್ಟೇ.

“ಅದನ್ನ ಮುಟ್ಟಬ್ಯಾಡ. ಅದನ್ನ ಮುಟ್ಟಿ ನಾ ಸಾಯಾಕ ಹೋಗಿದ್ದೆ. ಮೊದ್ಲ ಕುಂಡ್ರು, ಚಹಾ ಕುಡಿ. ದವಾಖಾನಿಗೆ ಎಂಟಕ್ಕ ಬಸ್ ಐತಿ. ನಾನೂ ಬರ್ತೀನಿ.”

“ಸೆರೆಯಂಗಡಿ ಮುಂದನ ನಿಲ್ತೈತಲ್ಲೋ ಅದು,” ಎಂದ ಈರಸಂಗಪ್ಪ.

“ಹೌದು. ಅದಕ್ಕ ಇಬ್ಬರೂ ಹೋಗೂಣು.”

ನಿಂಬೆವ್ವ ಒಳಗಿನಿಂದ ಎರಡು ಕಪ್ ಚಹಾ ತಂದಳು. ಈರಸಂಗಪ್ಪನ ಕೈಯಲ್ಲಿ ಕಪ್ಪಿನ ಕೆಳಗಿನ ಬಸಿ ಗಲಗಲ ಅಂದಿತು, ಅರ್ಧ ಚಹಾ ನೆಲಕ್ಕೆ ಚೆಲ್ಲಿತು. ಅದನ್ನು ಒರೆಸಿ ಮುಚ್ಚುವ ಗಡಿಬಿಡಿ ಯಾರೂ ಮಾಡಲಿಲ್ಲ. ಅವಳು ಮತ್ತೊಂದು ಕಪ್ಪು ತಂದುಕೊಟ್ಟಳು. ಎಂಟಕ್ಕೆ ಹತ್ತು ನಿಮಿಷವಿರುವಾಗ ಇಬ್ಬರೂ ಚಪ್ಪಲಿ ಮೆಟ್ಟಿಕೊಂಡು ಹೊರಟರು. ಓಣಿಯ ತಿರುವಿನಲ್ಲಿ ಅವರ ಮಾತು ಕರಗಿತು. ನಾನು ದೀಪದ ಪಕ್ಕ, ಯಾರ ಆಣೆಯೂ ಮೈಮೇಲಿಲ್ಲದೆ, ಹಗುರಾಗಿ ಕೂತು ಬಸ್ಸಿನ ಸದ್ದಿಗೆ ಕಿವಿಗೊಟ್ಟೆ.